ಜಾಲತಾಣದ ವ್ಯವಸ್ಥೆಯನ್ನು ಆರಿಸುವ ವಿಚಾರ

(ಮೇಲಿನ ತರಗತಿಗಳ ವಿದ್ಯಾರ್ಥಿನಿಯರಿಗೂ ಹಳೆಯ ವಿದ್ಯಾರ್ಥಿನಿಯರಿಗೂ ಒಂದು ಪಾಠ)



ನಮ್ಮ ಶಾಲೆಯ ಜಾಲತಾಣವು ಈ ವರುಷ ಹೊಸದಾಗಿ ಕಟ್ಟಲ್ಪಟ್ಟಿರುವುದನ್ನು ನೀವೆಲ್ಲರೂ ಬಲ್ಲಿರಿ. ಅದರ ಬಣ್ಣವನ್ನೂ ಚಿತ್ರಗಳನ್ನೂ ಕಂಡು ಸಂತೋಷಪಟ್ಟವರು ಬಹಳ ಮಂದಿ. ಆದರೆ ಅದನ್ನು ಕಟ್ಟುವುದಕ್ಕೆ ಮೊದಲು ನಾವು ಯಾವ ಯಾವ ಸಂಗತಿಗಳನ್ನು ವಿಚಾರಿಸಿದೆವು, ಒಂದನ್ನು ಬಿಟ್ಟು ಮತ್ತೊಂದನ್ನು ಏಕೆ ಹಿಡಿದೆವು ಎಂದು ಕೇಳಿದವರು ಕೆಲವರೇ. ನಿಮ್ಮಲ್ಲಿ ಅನೇಕರು ಮುಂದೆ ಒಂದು ಆಸ್ಪತ್ರೆಗಾಗಲಿ, ಸಹಕಾರ ಸಂಘಕ್ಕಾಗಲಿ, ಸ್ವಂತ ವ್ಯಾಪಾರಕ್ಕಾಗಲಿ ಜಾಲತಾಣವನ್ನು ಮಾಡಿಸುವ ಹೊಣೆಯನ್ನು ಹೊರುವಿರಿ. ಆ ದಿನ ನಿಮಗೆ ಪ್ರಯೋಜನವಾಗಲೆಂದು ಈ ಪಾಠವನ್ನು ಬರೆದಿದ್ದೇನೆ. ಮೊದಲು ಒಂದು ನಷ್ಟದ ಸಂಗತಿಯನ್ನು ಹೇಳುವೆನು; ಏಕೆಂದರೆ ಈ ವಿಷಯದಲ್ಲಿ ನಾವು ಕಲಿತದ್ದೆಲ್ಲವೂ ಅದರಿಂದಲೇ.

೧. ಕಳೆದುಹೋದ ಪುಟ

ಕಳೆದ ವರುಷದ ಮಳೆಗಾಲದಲ್ಲಿ ಒಂದು ಸಾಯಂಕಾಲ, ಕೊಲ್ಲಿಯ ದೇಶವೊಂದರಲ್ಲಿ ದಾದಿಯಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನಿನಲ್ಲಿ ಮಾತಾಡಿದಳು. ಅವಳ ತಾಯಿಯವರೂ ಈ ಶಾಲೆಯಲ್ಲಿಯೇ ಓದಿದವರು. ಅವರು ತಮ್ಮ ಬಾಲ್ಯದ ಶಾಲಾದಿನಗಳನ್ನು ನೆನೆದು ಬರೆದುಕೊಟ್ಟ ಲೇಖನವೊಂದನ್ನು, ಅವರ ಚಿತ್ರದೊಡನೆ, ನಾವು ಹಿಂದಿನ ಜಾಲತಾಣದಲ್ಲಿ ಪ್ರಕಟಿಸಿದ್ದೆವು. ಆ ತಾಯಿಯವರು ತೀರಿಕೊಂಡು ಆಗ ಮೂರು ತಿಂಗಳಾಗಿತ್ತು.

“ಟೀಚರೇ, ಅಮ್ಮ ಬರೆದದ್ದು ಎಂದು ನಮ್ಮ ಮನೆಯಲ್ಲಿ ಬೇರೆ ಏನೂ ಇಲ್ಲ. ಆ ಲೇಖನವನ್ನು ನನ್ನ ಮಕ್ಕಳಿಗೆ ಓದಿ ಹೇಳೋಣವೆಂದು ಹುಡುಕಿದೆ. ಶಾಲೆಯ ವಿಳಾಸವನ್ನು ಒತ್ತಿದರೆ ಯಾವುದೋ ಜೂಜಾಟದ ಜಾಹೀರಾತು ಬರುತ್ತದೆ. ನಮ್ಮ ಶಾಲೆಯ ಪುಟ ಎಲ್ಲಿಗೆ ಹೋಯಿತು?” ಎಂದು ಅವಳು ಕೇಳಿದಳು.

ವಿಚಾರಿಸಿ ನೋಡಲಾಗಿ ತಿಳಿದುಬಂದುದೇನಂದರೆ: ಹತ್ತು ಹನ್ನೆರಡು ವರುಷಗಳ ಹಿಂದೆ ಆ ತಾಣವನ್ನು ನಮ್ಮ ಪರಿಚಯದ ಯುವಕರೊಬ್ಬರು ಉಪಕಾರಬುದ್ಧಿಯಿಂದ ಕಟ್ಟಿಕೊಟ್ಟಿದ್ದರು. ತಾಣದ ಹೆಸರು, ಅಂದರೆ ಡೊಮೇನ್, ಅವರ ಹೆಸರಿನಲ್ಲಿಯೇ ನೋಂದಣಿಯಾಗಿತ್ತು. ಪಾಸ್‌ವರ್ಡುಗಳು ಅವರ ಬಳಿಯಲ್ಲಿಯೇ ಇದ್ದವು. ಬಾಕಿಯ ನೆನಪೋಲೆಗಳು ಅವರು ಎಂದೋ ಬಿಟ್ಟುಬಿಟ್ಟ ಈಮೇಲಿಗೆ ಹೋಗುತ್ತಿದ್ದವು. ಅವರು ಉದ್ಯೋಗಕ್ಕಾಗಿ ದೂರ ಹೋದರು. ವರುಷದ ಹಣವನ್ನು ಕಟ್ಟಿದವರಿಲ್ಲ. ಅವಧಿ ಮೀರಿದ ಹೆಸರನ್ನು ಬೇರೆ ಯಾರೋ ಕೊಂಡುಕೊಂಡರು. ಇದರಲ್ಲಿ ಆ ಯುವಕರ ತಪ್ಪೇನೂ ಇಲ್ಲ. ಆಗ ಸಹಾಧ್ಯಾಪಿಕೆಯಾಗಿದ್ದು ಆ ಕೆಲಸದ ಮೇಲ್ವಿಚಾರಣೆಯನ್ನು ವಹಿಸಿಕೊಂಡಿದ್ದವಳು ನಾನೇ. ಪುಟಗಳ ಅಂದಚಂದವನ್ನು ನೋಡಿ ಮೆಚ್ಚಿದೆನೇ ಹೊರತು, “ಇದರ ಬೀಗದ ಕೈ ಯಾರ ಬಳಿ ಇದೆ?” ಎಂಬ ಒಂದು ಮಾತನ್ನು ಕೇಳಲಿಲ್ಲ. ಲೇಖನದ ಮೂಲ ಕಾಗದವನ್ನು ಸಹ ಅಕ್ಷರ ಜೋಡಿಸಿದ ಮೇಲೆ ಇಟ್ಟುಕೊಳ್ಳಲಿಲ್ಲ. ಆ ಹುಡುಗಿಗೆ ಕೊಡಲು ಆ ಸಾಯಂಕಾಲ ನನ್ನಲ್ಲಿ ಉತ್ತರವಿರಲಿಲ್ಲ.

೨. ವ್ಯವಸ್ಥೆಯೆಂದರೇನು?

ಜಿನೀವಾ ನಗರದ ಬಳಿಯ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬವರು ವಿಶ್ವವ್ಯಾಪಿ ಜಾಲದ ಯೋಚನೆಯನ್ನು ೧೯೮೯ರಲ್ಲಿ ಮುಂದಿಟ್ಟರು. ೧೯೯೧ರಲ್ಲಿ ಅದು ಹೊರಗಿನವರಿಗೂ ತೆರೆಯಿತು. ೧೯೯೩ನೆಯ ಏಪ್ರಿಲ್ ೩೦ರಂದು ಆ ಸಂಸ್ಥೆಯವರು, ಯಾರು ಬೇಕಾದರೂ ಹಣ ಕೊಡದೆ ಅದನ್ನು ಬಳಸಬಹುದೆಂದು ಸಾರಿದರು. ಮೊದಮೊದಲು ಪ್ರತಿಯೊಂದು ಪುಟವನ್ನೂ ಎಚ್.ಟಿ.ಎಂ.ಎಲ್. ಎಂಬ ಗುರುತುಭಾಷೆಯಲ್ಲಿ ಕೈಯಿಂದಲೇ ಬರೆಯಬೇಕಾಗಿತ್ತು. ಒಂದು ಶಾಲೆಗೆ ನಲವತ್ತು ಪುಟಗಳಿದ್ದು, ಪ್ರತಿ ಪುಟದ ಬುಡದಲ್ಲಿ ಶಾಲೆಯ ಫೋನ್ ನಂಬರು ಇದ್ದರೆ, ನಂಬರು ಬದಲಾದ ದಿನ ನಲವತ್ತು ಸಾರಿ ತಿದ್ದಬೇಕು. ಒಂದು ಪುಟದಲ್ಲಿ ಮರೆತರೆ ತಾಣವು ಎರಡು ಮಾತಾಡುವುದು.

ಈ ತೊಡಕನ್ನು ನಿವಾರಿಸಲು ಹುಟ್ಟಿದ ತಂತ್ರಾಂಶಕ್ಕೆ ‘ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ’ ಎಂದು ಹೆಸರು. ಕನ್ನಡದಲ್ಲಿ ಇದನ್ನು ವಿಷಯ ನಿರ್ವಹಣಾ ವ್ಯವಸ್ಥೆ ಎನ್ನಬಹುದು. ಈ ಪಾಠದಲ್ಲಿ ಸುಲಭಕ್ಕಾಗಿ ವ್ಯವಸ್ಥೆಯೆಂದೇ ಕರೆಯುವೆನು. ಇದರಲ್ಲಿ ಮುಖ್ಯವಾಗಿ ಮೂರು ಅಂಗಗಳುಂಟು. ಮೊದಲನೆಯದು ಉಗ್ರಾಣ: ಬರಹಗಳೂ ದಿನಾಂಕಗಳೂ ಬರೆದವರ ಹೆಸರುಗಳೂ ಡೇಟಾಬೇಸ್ ಎಂಬ ಈ ಉಗ್ರಾಣದಲ್ಲಿ ವಿಂಗಡವಾಗಿರುವುವು. ಎರಡನೆಯದು ಅಚ್ಚು: ಪುಟದ ಬಣ್ಣ, ಅಕ್ಷರದ ಗಾತ್ರ, ಚಿತ್ರದ ಸ್ಥಾನ ಮುಂತಾದುವನ್ನು ಥೀಮ್ ಎಂಬ ಈ ಅಚ್ಚು ನಿರ್ಣಯಿಸುವುದು. ಮೂರನೆಯದು ಬರೆಯುವ ಮೇಜು: ಗುರುತುಭಾಷೆಯನ್ನು ಅರಿಯದ ಅಧ್ಯಾಪಿಕೆಯೂ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಕಾಗದ ಬರೆದಂತೆ ಬರೆದು, ‘ಪ್ರಕಟಿಸು’ ಎಂಬ ಗುಂಡಿಯನ್ನು ಒತ್ತುವಳು. ಓದುವವನು ಪುಟವನ್ನು ಕೇಳಿದಾಗ ವ್ಯವಸ್ಥೆಯು ಉಗ್ರಾಣದಿಂದ ಬರಹವನ್ನು ತೆಗೆದು ಅಚ್ಚಿಗೆ ಹಾಕಿ ಬಡಿಸುವುದು. ಫೋನ್ ನಂಬರನ್ನು ಒಂದು ಕಡೆ ತಿದ್ದಿದರೆ ನಲವತ್ತು ಪುಟಗಳಲ್ಲಿಯೂ ಬದಲಾಗುವುದು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು, ಬರಹ ಬೇರೆ, ಅದನ್ನು ತೋರಿಸುವ ಅಚ್ಚು ಬೇರೆ ಎಂಬುದೇ. ಕಿಟ್ಟೆಲರ ಕನ್ನಡ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅನೇಕ ವರುಷಗಳ ಮೇಲೆ ಮದರಾಸು ವಿಶ್ವವಿದ್ಯಾಲಯದವರು ಅದನ್ನು ಪರಿಷ್ಕರಿಸಿ ಮರಳಿ ಪ್ರಕಟಿಸಿದರು. ಅಚ್ಚುಕೂಟ ಬದಲಾಯಿತು, ಅಚ್ಚುಮೊಳೆ ಬದಲಾಯಿತು, ನಿಘಂಟು ಉಳಿಯಿತು. ಒಳ್ಳೆಯ ವ್ಯವಸ್ಥೆಯನ್ನು ಆರಿಸಿದವರ ಬರಹವೂ ಹಾಗೆಯೇ ಒಂದು ಮನೆಯಿಂದ ಮತ್ತೊಂದು ಮನೆಗೆ ಹೋಗಿ ಉಳಿಯುವುದು. ಕೆಟ್ಟ ಆಯ್ಕೆ ಮಾಡಿದವರ ಬರಹವು ಮನೆಯೊಡನೆಯೇ ಬೀಳುವುದು.

೩. ಮೂರು ಬಗೆಯ ವ್ಯವಸ್ಥೆಗಳು

ಈಗ ದೊರೆಯುವ ವ್ಯವಸ್ಥೆಗಳು ನೂರಾರು. ಆದರೂ ಅವುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯ ಬಗೆಯು ಬಾಡಿಗೆಯ ಮನೆಯಂತಿರುವುದು. ವಿಕ್ಸ್, ಗೂಗಲ್ ಸೈಟ್ಸ್ ಮುಂತಾದುವು ಇದಕ್ಕೆ ದೃಷ್ಟಾಂತ. ಕಂಪನಿಯವರೇ ಯಂತ್ರವನ್ನೂ ತಂತ್ರಾಂಶವನ್ನೂ ಕಾಯುವರು. ನಾವು ಬರೆದರೆ ಸಾಕು. ಕೆಲಸ ಬೇಗನೆ ಆಗುವುದು. ಚಿಕ್ಕ ಅಂಗಡಿಗೂ ಒಂದು ದಿನದ ಸಮಾರಂಭಕ್ಕೂ ಇದು ಬಹಳ ಯೋಗ್ಯವಾದುದು. ಆದರೆ ವಿಕ್ಸಿನಲ್ಲಿ ಕಟ್ಟಿದ ತಾಣವನ್ನು ಇಡಿಯಾಗಿ ಎತ್ತಿ ಬೇರೆ ಕಡೆ ನಡೆಸಲು ಬರುವುದಿಲ್ಲ. ಮನೆಯ ಯಜಮಾನರು ಬಾಗಿಲು ಮುಚ್ಚಿದರೆ ಒಕ್ಕಲಿನವರಿಗೆ ದಾರಿಯಿಲ್ಲ. ಜಿಯೋಸಿಟೀಸ್ ಎಂಬ ಸೇವೆಯಲ್ಲಿ ಲಕ್ಷಾಂತರ ಜನರು ಬಿಟ್ಟಿಯಾಗಿ ಪುಟಗಳನ್ನು ಕಟ್ಟಿಕೊಂಡಿದ್ದರು. ಯಾಹೂ ಕಂಪನಿಯವರು ೧೯೯೯ರಲ್ಲಿ ಅದನ್ನು ಕೊಂಡು, ೨೦೦೯ನೆಯ ಅಕ್ಟೋಬರ್ ೨೬ರಂದು ಅಮೆರಿಕದಲ್ಲಿ ಮುಚ್ಚಿಬಿಟ್ಟರು.

ಎರಡನೆಯ ಬಗೆಯು ಬಾಡಿಗೆಯ ಜಾಗದಲ್ಲಿ ನಮ್ಮದೇ ಮನೆಯನ್ನು ಕಟ್ಟಿಕೊಂಡಂತೆ. ತಂತ್ರಾಂಶವು ಎಲ್ಲರಿಗೂ ತೆರೆದದ್ದು. ನಾವು ಹೋಸ್ಟಿಂಗ್ ಎಂಬ ಸ್ಥಳವನ್ನು ವರುಷಕ್ಕಿಷ್ಟೆಂದು ಪಡೆದು ಅಲ್ಲಿ ಅದನ್ನು ನಿಲ್ಲಿಸುವೆವು. ಸ್ಥಳದವರು ಸರಿಬೀಳದಿದ್ದರೆ ಮನೆಯನ್ನೇ ಬೇರೆ ಸ್ಥಳಕ್ಕೆ ಸಾಗಿಸಬಹುದು. ವರ್ಡ್‌ಪ್ರೆಸ್, ಜೂಮ್ಲಾ, ದ್ರುಪಾಲ್ ಎಂಬ ಮೂರು ಈ ಬಗೆಯಲ್ಲಿ ಪ್ರಸಿದ್ಧವಾದುವು. ದ್ರುಪಾಲನ್ನು ಬೆಲ್ಜಿಯಂ ದೇಶದ ಡ್ರೀಸ್ ಬೈಟಾರ್ಟ್ ಎಂಬವರು ೨೦೦೧ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟರು. ವರ್ಡ್‌ಪ್ರೆಸ್ಸು ೨೦೦೩ನೆಯ ಮೇ ತಿಂಗಳಲ್ಲಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬವರಿಂದ, ಬಿ-ಟು ಎಂಬ ಹಿಂದಿನ ತಂತ್ರಾಂಶವನ್ನು ಆಧರಿಸಿ ಹುಟ್ಟಿತು. ಜೂಮ್ಲಾ ೨೦೦೫ರಲ್ಲಿ ಮ್ಯಾಂಬೋ ಎಂಬುದರಿಂದ ಒಡೆದು ಬಂದುದು. ಅದರ ಹೆಸರು ಸ್ವಾಹಿಲಿ ಭಾಷೆಯ, ‘ಎಲ್ಲರೂ ಒಟ್ಟಾಗಿ’ ಎಂಬರ್ಥದ ಮಾತಿನಿಂದ ಬಂದಿದೆ. ಇಂದು ಲೋಕದ ಜಾಲತಾಣಗಳಲ್ಲಿ ಹತ್ತಕ್ಕೆ ಸುಮಾರು ನಾಲ್ಕು ವರ್ಡ್‌ಪ್ರೆಸ್ಸಿನ ಮೇಲೆ ನಿಂತಿವೆ. ಇಲ್ಲಿ ಒಂದು ಎಚ್ಚರಿಕೆಯ ಮಾತು: ವರ್ಡ್‌ಪ್ರೆಸ್ ಎಂಬ ತಂತ್ರಾಂಶವು ಬೇರೆ, ಅದೇ ತಂತ್ರಾಂಶವನ್ನು ಬಾಡಿಗೆಗೆ ಕೊಡುವ ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬ ಸೇವೆಯು ಬೇರೆ. ಹೆಸರು ಒಂದೇ ಆದುದರಿಂದ ಅನೇಕರು ಮೋಸಹೋಗುವರು.

ಮೂರನೆಯ ಬಗೆಯು ಸ್ಥಿರ ಪುಟಗಳನ್ನು ಸಿದ್ಧಮಾಡಿಡುವ ಉಪಕರಣ. ೨೦೦೮ರಲ್ಲಿ ಹೊರಟ ಜೆಕಿಲ್, ೨೦೧೩ರಲ್ಲಿ ಹೊರಟ ಹ್ಯೂಗೋ ಮುಂತಾದುವು ಈ ಜಾತಿಯವು. ಬರಹವನ್ನು ಸಾದಾ ಕಡತಗಳಲ್ಲಿ ಬರೆದಿಟ್ಟರೆ, ಉಪಕರಣವು ಒಮ್ಮೆಗೇ ಎಲ್ಲ ಪುಟಗಳನ್ನೂ ಕಟ್ಟಿಕೊಡುವುದು. ಓದುವವನು ಕೇಳಿದಾಗ ಸಿದ್ಧವಾದ ಪುಟವನ್ನು ಕೊಡುವುದಷ್ಟೇ ಕೆಲಸ. ಡೇಟಾಬೇಸ್ ಇಲ್ಲ, ಒಳಗೆ ಹೋಗುವ ಬಾಗಿಲೂ ಇಲ್ಲ. ಆದಕಾರಣ ಕಳ್ಳರ ಭಯ ಬಹಳ ಕಡಿಮೆ, ಖರ್ಚೂ ಕಡಿಮೆ. ಆದರೆ ಕಡತಗಳನ್ನು ಹೊಂದಿಸಿ ಉಪಕರಣವನ್ನು ನಡೆಸಲು ತಿಳಿದವರು ಬೇಕು.

೪. ಕೇಳತಕ್ಕ ಆರು ಪ್ರಶ್ನೆಗಳು

‘ಯಾವುದು ಎಲ್ಲಕ್ಕಿಂತ ಒಳ್ಳೆಯದು?’ ಎಂದು ಕೇಳುವುದು ವ್ಯರ್ಥ. ಭತ್ತದ ಗದ್ದೆಗೆ ಒಳ್ಳೆಯದಾದ ನೀರು ಕಾಫಿಯ ತೋಟಕ್ಕೆ ಒಳ್ಳೆಯದಲ್ಲ. ‘ನಮ್ಮ ಕೈಗೆ ಯಾವುದು ತಕ್ಕದ್ದು?’ ಎಂಬುದೇ ಸರಿಯಾದ ಪ್ರಶ್ನೆ. ಅದನ್ನು ನಾವು ಆರಾಗಿ ಒಡೆದುಕೊಂಡೆವು.

(ಅ) ಬರೆಯುವವರು ಯಾರು? ವ್ಯವಸ್ಥೆಯನ್ನು ಕಟ್ಟುವವರು ಒಮ್ಮೆ ಕಟ್ಟಿ ಹೋಗುವರು. ಬರೆಯುವವರು ವಾರವಾರವೂ ಬರೆಯಬೇಕು. ಆದುದರಿಂದ ನಾವು ಒಂದು ಪರೀಕ್ಷೆಯನ್ನು ಇಟ್ಟೆವು. ಮಳೆಯ ಕಾರಣ ನಾಳೆ ಶಾಲೆಗೆ ರಜೆ ಎಂಬ ಪ್ರಕಟಣೆಯನ್ನು ಒಂದು ಚಿತ್ರದೊಡನೆ ಹಾಕಬೇಕು, ಅದರಲ್ಲಿ ಒಂದು ತಪ್ಪಕ್ಷರವನ್ನು ತಿದ್ದಬೇಕು, ಮರುದಿನ ಅದನ್ನು ತೆಗೆದುಹಾಕಬೇಕು. ಯಾರ ಸಹಾಯವನ್ನೂ ಕೇಳಕೂಡದು. ಪರೀಕ್ಷೆಗೆ ಕೂತವರು ಗಣಕಯಂತ್ರದ ಅಧ್ಯಾಪಿಕೆಯಲ್ಲ, ಕನ್ನಡದ ಅಧ್ಯಾಪಿಕೆಯೂ ಕಚೇರಿಯ ಗುಮಾಸ್ತರೂ. ವರ್ಡ್‌ಪ್ರೆಸ್ಸಿನಲ್ಲಿ ಇಬ್ಬರೂ ತಾವಾಗಿಯೇ ಮುಗಿಸಿದರು. ಜೂಮ್ಲಾದಲ್ಲಿಯೂ ದ್ರುಪಾಲಿನಲ್ಲಿಯೂ ಎರಡು ಮೂರು ಕಡೆ ನಿಂತು ಕೇಳಬೇಕಾಯಿತು. ಹ್ಯೂಗೋವನ್ನು ಗುಮಾಸ್ತರು ಮುಟ್ಟಲೇ ಹೆದರಿದರು. ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ನೀವು ಯಾವ ಸಂಸ್ಥೆಯಲ್ಲಿದ್ದರೂ ಕೈಲಾಗುವವರನ್ನು ಕೂಡಿಸದೆ, ದಿನವೂ ಬರೆಯಬೇಕಾದವರನ್ನು ಕೂಡಿಸಿ ಇದನ್ನು ಮಾಡಿನೋಡಿರಿ.

(ಆ) ಕಾಯುವವರು ಯಾರು? ತಂತ್ರಾಂಶದಲ್ಲಿ ಕಾಲಕಾಲಕ್ಕೆ ಲೋಪಗಳು ಕಂಡುಬರುವುವು. ಮಾಡಿದವರು ತಿದ್ದುಪಡಿಯನ್ನು ಕಳುಹಿಸುವರು. ಅದನ್ನು ಹಾಕಿಕೊಳ್ಳುವ ಕೆಲಸ ನಮ್ಮದು. ೨೦೧೪ನೆಯ ಅಕ್ಟೋಬರ್ ೧೫ರಂದು ದ್ರುಪಾಲಿನ ಒಂದು ದೊಡ್ಡ ಲೋಪಕ್ಕೆ ತಿದ್ದುಪಡಿ ಹೊರಟಿತು. ಸುಮಾರು ಏಳು ಗಂಟೆಗಳೊಳಗಾಗಿ ಅದನ್ನು ಹಾಕಿಕೊಳ್ಳದ ತಾಣಗಳೆಲ್ಲವೂ ಕಳ್ಳರ ಕೈಸೇರಿದುವೆಂದೇ ಎಣಿಸಬೇಕೆಂದು ದ್ರುಪಾಲಿನ ರಕ್ಷಣಾ ತಂಡದವರೇ ಆಮೇಲೆ ಎಚ್ಚರಿಸಿದರು. ಏಳು ಗಂಟೆಯೆಂದರೆ ನಮ್ಮ ಶಾಲೆಯ ಒಂದು ದಿನ! ಇದರಿಂದ ದ್ರುಪಾಲು ಹೀನವೆಂದು ತಿಳಿಯಕೂಡದು. ಲೋಪವನ್ನು ಮುಚ್ಚಿಡದೆ ಹೇಳಿದ್ದು ಅವರ ಗುಣವೇ. ಕಾಯುವವರಿಲ್ಲದ ಕಡೆ ಯಾವ ಬೀಗವೂ ಸಾಲದೆಂಬುದೇ ಇದರ ಪಾಠ. ವರ್ಡ್‌ಪ್ರೆಸ್ಸಿನಲ್ಲಿ ಚಿಕ್ಕ ತಿದ್ದುಪಡಿಗಳು ೨೦೧೩ರಿಂದ ತಾವಾಗಿಯೇ ಕೂತುಕೊಳ್ಳುವ ಏರ್ಪಾಡಿದೆ. ಆದರೆ ಅಲ್ಲಿಯ ಹೆಚ್ಚಿನ ಲೋಪಗಳು ಮೂಲ ತಂತ್ರಾಂಶದಲ್ಲಿ ಕಾಣುವುದಿಲ್ಲ, ಪ್ಲಗಿನ್ ಎಂಬ ಸೇರ್ಪಡೆಗಳಲ್ಲಿ ಕಾಣುವುವು. ಚಂದವೆಂದು ಇಪ್ಪತ್ತು ಪ್ಲಗಿನ್‌ಗಳನ್ನು ಹಾಕಿಕೊಂಡವರು ಇಪ್ಪತ್ತು ಕಿಟಕಿಗಳನ್ನು ತೆರೆದಂತಾಯಿತು. ಇದಲ್ಲದೆ ಪ್ರತಿಯೊಂದು ಆವೃತ್ತಿಗೂ ಆಯುಷ್ಯವುಂಟು. ೨೦೧೧ರಲ್ಲಿ ಹೊರಟ ದ್ರುಪಾಲಿನ ಏಳನೆಯ ಆವೃತ್ತಿಗೆ ೨೦೨೫ನೆಯ ಜನವರಿ ೫ರಂದು ಅಧಿಕೃತ ರಕ್ಷಣೆ ನಿಂತಿತು. ಅದರಿಂದ ಮುಂದಿನ ಆವೃತ್ತಿಗಳಿಗೆ ಹೋಗುವುದೆಂದರೆ ತಾಣವನ್ನು ಬಹುಮಟ್ಟಿಗೆ ಮರಳಿ ಕಟ್ಟಿದಂತೆಯೇ.

(ಇ) ಬರಹವನ್ನು ಹೊರಗೆ ತರಬಹುದೇ? ಒಳಗೆ ಹಾಕುವುದು ಎಲ್ಲದರಲ್ಲಿಯೂ ಸುಲಭ. ಹೊರಗೆ ತರುವುದನ್ನು ನೋಡಬೇಕು. ವರ್ಡ್‌ಪ್ರೆಸ್ಸಿನಲ್ಲಿ ಎಲ್ಲ ಬರಹಗಳನ್ನೂ ಒಂದೇ ಕಡತವಾಗಿ ಇಳಿಸಿಕೊಳ್ಳುವ ಅನುಕೂಲವುಂಟು. ಆದರೆ ಆ ಕಡತದಲ್ಲಿ ಚಿತ್ರಗಳು ಇರುವುದಿಲ್ಲ, ಅವುಗಳ ವಿಳಾಸ ಮಾತ್ರ ಇರುವುದು. ಚಿತ್ರಗಳನ್ನು ಬೇರೆಯಾಗಿ ತೆಗೆದಿಡಬೇಕು. ಇದನ್ನು ತಿಳಿಯದೆ ಕಡತವೊಂದನ್ನೇ ನಂಬಿದವರು ಆಪತ್ಕಾಲದಲ್ಲಿ ಚಿತ್ರವಿಲ್ಲದ ಚೌಕಟ್ಟುಗಳನ್ನು ಕಾಣುವರು.

(ಈ) ಕನ್ನಡಕ್ಕೆ ಒದಗುವುದೇ? ಇದು ನಮ್ಮವರು ಮರೆಯುವ ಪ್ರಶ್ನೆ. ಲೋಕದ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಕ್ರಮವನ್ನು ಗೊತ್ತುಮಾಡಿದ ಯೂನಿಕೋಡಿನಲ್ಲಿ ೧೯೯೧ರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೆ ಅನೇಕ ವರುಷಗಳ ಕಾಲ ನಮ್ಮ ಕಚೇರಿಗಳಲ್ಲಿ, ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ರೂಪವನ್ನು ಹೊದಿಸಿದ ಹಳೆಯ ಫಾಂಟುಗಳಲ್ಲಿಯೇ ಜೋಡಿಸುತ್ತಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅಂಥ ಬರಹವು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುವುದು, ಹುಡುಕಿದರೆ ಸಿಕ್ಕುವುದಿಲ್ಲ, ಕುರುಡರಿಗೆ ಓದಿಹೇಳುವ ತಂತ್ರಾಂಶವು ಅದನ್ನು ಓದಲಾರದು. ಹೊಸ ವ್ಯವಸ್ಥೆಗಳೆಲ್ಲವೂ ಯೂನಿಕೋಡನ್ನು ಬಲ್ಲವು. ಆದರೂ ಥೀಮನ್ನು ಆರಿಸುವಾಗ ಒಂದು ಕನ್ನಡದ ಪುಟವನ್ನು ಮೊಬೈಲಿನಲ್ಲಿ ತೆರೆದು ನೋಡಬೇಕು. ಇಂಗ್ಲಿಷಿಗೆಂದು ಮಾಡಿದ ಥೀಮುಗಳಲ್ಲಿ ಸಾಲುಗಳ ನಡುವಣ ಎಡೆ ಸಾಲದೆ, ‘ಸ್ತ್ರೀ’, ‘ರಾಷ್ಟ್ರ’ ಮುಂತಾದ ಮಾತುಗಳ ಒತ್ತಕ್ಷರವು ಕೆಳಗಿನ ಸಾಲಿಗೆ ತಗಲುವುದುಂಟು. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಪುಟಗಳು ಬೇಕೆಂಬವರು ಇನ್ನೊಂದನ್ನು ತಿಳಿಯಬೇಕು: ಜೂಮ್ಲಾ ಮತ್ತು ದ್ರುಪಾಲುಗಳಲ್ಲಿ ಈ ಅನುಕೂಲವು ಮೂಲದಲ್ಲಿಯೇ ಇದೆ, ವರ್ಡ್‌ಪ್ರೆಸ್ಸಿನಲ್ಲಿ ಅದಕ್ಕೆ ಪ್ಲಗಿನ್ ಬೇಕು.

(ಉ) ಯಾರಿಗೆ ಎಷ್ಟು ಅಧಿಕಾರ? ಮನೆಯವರೆಲ್ಲರಿಗೂ ಕಣಜದ ಕೀಲಿಯನ್ನು ಕೊಡುವುದಿಲ್ಲವಷ್ಟೆ. ವರ್ಡ್‌ಪ್ರೆಸ್ಸಿನಲ್ಲಿ ಬರೆದು ಒಪ್ಪಿಸುವವರು ಬೇರೆ, ತಮ್ಮ ಬರಹವನ್ನು ತಾವೇ ಪ್ರಕಟಿಸುವವರು ಬೇರೆ, ಎಲ್ಲರ ಬರಹವನ್ನೂ ತಿದ್ದಿ ಪ್ರಕಟಿಸುವವರು ಬೇರೆ, ವ್ಯವಸ್ಥೆಯನ್ನೇ ಬದಲಾಯಿಸಬಲ್ಲ ಆಡಳಿತಗಾರರು ಬೇರೆ. ಬರೆದು ಒಪ್ಪಿಸುವ ಹುಡುಗಿಯು ತಾನಾಗಿ ಪ್ರಕಟಿಸಲಾರಳು, ಚಿತ್ರವನ್ನೂ ಏರಿಸಲಾರಳು. ಇದು ಅವಿಶ್ವಾಸವಲ್ಲ, ರಕ್ಷಣೆ. ಭಾರತದ ಪಾರ್ಲಿಮೆಂಟು ೨೦೨೩ರಲ್ಲಿ ಮಾಡಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ವರುಷ ತುಂಬದವರನ್ನು ಮಕ್ಕಳೆಂದೆಣಿಸಿ, ಅವರ ವಿವರಗಳನ್ನು ಬಳಸುವುದಕ್ಕೆ ತಂದೆತಾಯಿಗಳ ಸಮ್ಮತಿ ಬೇಕೆಂದು ವಿಧಿಸುತ್ತದೆ. ಕಾಯಿದೆಯು ಹೇಳದಿದ್ದರೂ, ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದು ಮಗುವಿನ ಮುಖ, ಹೆಸರು, ತರಗತಿ, ಊರು ಇವು ನಾಲ್ಕೂ ಒಂದೇ ಪುಟದಲ್ಲಿ ಸೇರುವುದು ವಿವೇಕವಲ್ಲ.

(ಊ) ವರುಷವರುಷವೂ ಎಷ್ಟು ಖರ್ಚು? ವರ್ಡ್‌ಪ್ರೆಸ್, ಜೂಮ್ಲಾ, ದ್ರುಪಾಲುಗಳನ್ನು ಬೆಲೆಯಿಲ್ಲದೆ ಪಡೆಯಬಹುದು. ಆದರೆ ದಾನವಾಗಿ ಬಂದ ಹಸುವಿಗೂ ದಿನವೂ ಹುಲ್ಲು ಹಾಕಬೇಕು. ಡೊಮೇನ್ ಹೆಸರಿನ ಹಣ, ಹೋಸ್ಟಿಂಗಿನ ಹಣ, ತಿದ್ದುಪಡಿ ನೋಡುವವರ ಸಂಬಳ ಇವು ಪ್ರತಿ ವರುಷವೂ ಬರುವುವು. ಮೊದಲನೆಯ ವರುಷದ ಖರ್ಚನ್ನು ಮಾತ್ರ ಲೆಕ್ಕಿಸುವುದು ಅನೇಕ ಸಮಿತಿಗಳ ತಪ್ಪು. ಐದು ವರುಷದ ಲೆಕ್ಕವನ್ನು ಬರೆದು ನೋಡಿರಿ. ಆಗ ಹಾಸಿಗೆ ಎಷ್ಟುದ್ದವೆಂಬುದು ತಿಳಿಯುವುದು, ಕಾಲನ್ನು ಎಷ್ಟು ಚಾಚಬಹುದೆಂಬುದೂ ತಿಳಿಯುವುದು.

೫. ನಮ್ಮ ನಿರ್ಣಯ

ಈ ಪ್ರಶ್ನೆಗಳನ್ನು ಹಿಡಿದುಕೊಂಡು ನಾವು ಮೂರು ದಿನ ಚರ್ಚಿಸಿದೆವು. ಗಣಕಯಂತ್ರದ ಅಧ್ಯಾಪಿಕೆಯವರು ಹ್ಯೂಗೋದ ಪಕ್ಷವನ್ನು ಬಲವಾಗಿ ಹಿಡಿದರು. “ಟೀಚರೇ, ಬಾಗಿಲೇ ಇಲ್ಲದ ಮನೆಗೆ ಕಳ್ಳ ಬರುವುದು ಎಲ್ಲಿಂದ? ಖರ್ಚೂ ಕಡಿಮೆ, ಕಾಯುವ ಕಷ್ಟವೂ ಕಡಿಮೆ” ಎಂದರು. ಅವರ ಮಾತು ಸತ್ಯವಾದುದೇ. ಆಗ ಕನ್ನಡದ ಅಧ್ಯಾಪಿಕೆಯವರು, “ಸರಿ, ನೀವು ವರ್ಗವಾಗಿ ಹೋದ ಮೇಲೆ ಪುಟವನ್ನು ತಿದ್ದುವವರು ಯಾರು?” ಎಂದು ಕೇಳಿದರು. ಕೋಣೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಹಿಂದೆ ನಾನು ಕೇಳದೆ ಬಿಟ್ಟ ಪ್ರಶ್ನೆಯು ಅದೇ ಆಗಿತ್ತು.

ಕೊನೆಗೆ ವಾರವಾರದ ಸಮಾಚಾರಗಳಿಗೆ ನಮ್ಮದೇ ಹೋಸ್ಟಿಂಗಿನ ವರ್ಡ್‌ಪ್ರೆಸ್ಸನ್ನು ಆರಿಸಿದೆವು. ಎಂದೆಂದಿಗೂ ಬದಲಾಗದ ಹಳೆಯ ಸಂಚಿಕೆಗಳ ಲೇಖನಗಳನ್ನು ಮಾತ್ರ ಹ್ಯೂಗೋದಿಂದ ಸ್ಥಿರ ಪುಟಗಳಾಗಿ ಮಾಡಿ ಬೇರೆಯಾಗಿ ಇಟ್ಟೆವು. ದಿನಬಳಕೆಯ ಪಾತ್ರೆ ಅಡಿಗೆಮನೆಯಲ್ಲಿ, ಹಿರಿಯರ ಪಾತ್ರೆ ಪೆಟ್ಟಿಗೆಯಲ್ಲಿ ಇದ್ದಂತೆ. ಇದರೊಂದಿಗೆ ಕೆಲವು ನಿಯಮಗಳನ್ನು ಗೊತ್ತುಮಾಡಿ ಶಾಲೆಯ ನಡಾವಳಿ ಪುಸ್ತಕದಲ್ಲಿ ಬರೆದೆವು:

೧. ಡೊಮೇನ್ ಹೆಸರು ಶಾಲೆಯ ಹೆಸರಿನಲ್ಲಿಯೇ ಇರತಕ್ಕದ್ದು. ಅದರ ಈಮೇಲು ಯಾವ ವ್ಯಕ್ತಿಯದೂ ಆಗಿರಕೂಡದು, ಕಚೇರಿಯದಾಗಿರತಕ್ಕದ್ದು. ಬಾಕಿಯ ದಿನವು ಶುಲ್ಕದ ಕ್ಯಾಲೆಂಡರಿನಲ್ಲಿ ಬರೆದಿರತಕ್ಕದ್ದು.

೨. ಆಡಳಿತಗಾರರು ಇಬ್ಬರಿರಬೇಕು, ಒಬ್ಬರು ಬಿಟ್ಟುಹೋದರೆ ವಾರದೊಳಗೆ ಮತ್ತೊಬ್ಬರನ್ನು ನೇಮಿಸಬೇಕು. ಪಾಸ್‌ವರ್ಡುಗಳನ್ನು ಲಕೋಟೆಯಲ್ಲಿ ಮುದ್ರೆ ಹಾಕಿ ಕಬ್ಬಿಣದ ಪೆಟ್ಟಿಗೆಯಲ್ಲಿಡಬೇಕು.

೩. ಪ್ಲಗಿನ್‌ಗಳು ಆರಕ್ಕೆ ಮೀರಕೂಡದು. ಪ್ರತಿ ಸೋಮವಾರ ತಿದ್ದುಪಡಿಗಳನ್ನು ನೋಡಿ ರುಜು ಹಾಕಬೇಕು. ಅವಸರದ ಎಚ್ಚರಿಕೆ ಬಂದರೆ ಸೋಮವಾರಕ್ಕೆ ಕಾಯಕೂಡದು.

೪. ಎಲ್ಲದಕ್ಕೂ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದು ಪ್ರತಿ ಶಾಲೆಯ ಹೊರಗಿರಬೇಕು. ವರುಷಕ್ಕೊಮ್ಮೆ ಪ್ರತಿಯಿಂದ ತಾಣವನ್ನು ಮರಳಿ ಎಬ್ಬಿಸಿ ನೋಡಬೇಕು. ಎಬ್ಬಿಸಿ ನೋಡದ ಪ್ರತಿಯನ್ನು ಪ್ರತಿಯೆಂದು ನಂಬಕೂಡದು.

೫. ಯಾವ ಬರಹವನ್ನೇ ಆಗಲಿ ಜಾಲಕ್ಕೆ ಏರಿಸಿದ ಮೇಲೆ ಮೂಲ ಕಾಗದವನ್ನು ಎಸೆಯಕೂಡದು.

ಈ ಐದು ನಿಯಮಗಳು ಯಾವ ವ್ಯವಸ್ಥೆಗಾದರೂ ಸಲ್ಲುವುವೆಂಬುದನ್ನು ಗಮನಿಸಿರಿ. ವ್ಯವಸ್ಥೆಯ ಆಯ್ಕೆಯಲ್ಲಿ ಸ್ವಲ್ಪ ತಪ್ಪಿದರೂ ಈ ನಿಯಮಗಳಿದ್ದರೆ ಬರಹವು ಉಳಿಯುವುದು; ಇವಿಲ್ಲದಿದ್ದರೆ ಲೋಕದಲ್ಲಿ ಅತ್ಯುತ್ತಮವಾದ ವ್ಯವಸ್ಥೆಯೂ ಉಳಿಸಲಾರದು.

೬. ಆ ಲೇಖನದ ಗತಿ

ಇನ್ನು ಆ ಹಳೆಯ ವಿದ್ಯಾರ್ಥಿನಿಯ ತಾಯಿಯವರ ಲೇಖನದ ಸಂಗತಿಯನ್ನು ಹೇಳಿ ಮುಗಿಸುವೆನು. ಬ್ರೂಸ್ಟರ್ ಕಾಲ್ ಎಂಬವರು ೧೯೯೬ರಲ್ಲಿ ಸ್ಥಾಪಿಸಿದ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆಯು ಲೋಕದ ಜಾಲತಾಣಗಳ ಪ್ರತಿಗಳನ್ನು ಕಾಲಕಾಲಕ್ಕೆ ತೆಗೆದಿಡುತ್ತದೆ. ೨೦೦೧ರಿಂದ ಅವುಗಳನ್ನು ಎಲ್ಲರೂ ನೋಡಬಹುದಾಗಿದೆ. ಎಲ್ಲ ಪುಟಗಳೂ ಅಲ್ಲಿ ಸಿಕ್ಕುವುದಿಲ್ಲ. ನಮ್ಮ ಹಳೆಯ ವಿಳಾಸವನ್ನು ಅಲ್ಲಿ ಕೊಟ್ಟು ನೋಡಲಾಗಿ, ಭಾಗ್ಯವಶಾತ್ ಆ ಪುಟವು ದೊರೆಯಿತು. ಆದರೆ ಕಂಡದ್ದು ಕನ್ನಡವಲ್ಲ. ನಾವು ಆಗ ಹಳೆಯ ಫಾಂಟಿನಲ್ಲಿ ಜೋಡಿಸಿದ್ದೆವಾದ್ದರಿಂದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಎರಡು ಪುಟಗಳು. ಅದನ್ನು ಯೂನಿಕೋಡಿಗೆ ತಿರುಗಿಸುವ ತಂತ್ರಾಂಶಕ್ಕೆ ಕೊಟ್ಟಾಗ ಬಹಳಷ್ಟು ಸರಿಯಾಯಿತು. ಒತ್ತಕ್ಷರಗಳೂ ಅರ್ಕಾವತ್ತುಗಳೂ ಅಲ್ಲಲ್ಲಿ ತಪ್ಪಿದುವು. ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ಕನ್ನಡದ ಅಧ್ಯಾಪಿಕೆಯವರೊಡನೆ ಕೂತು ನಾಲ್ಕು ಸಾಯಂಕಾಲಗಳಲ್ಲಿ ಒಂದೊಂದು ಮಾತನ್ನೂ ಬಿಡಿಸಿದರು. ಮೂರು ಪದಗಳನ್ನು ಮಾತ್ರ ಯಾರಿಂದಲೂ ನಿಶ್ಚಯಿಸಲಾಗಲಿಲ್ಲ. ಊಹಿಸಿ ತುಂಬದೆ ಚುಕ್ಕೆಗಳನ್ನಿಟ್ಟೆವು.

ಶಾಲೆಯ ಬಾವಿಯ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದುದು, ಹೊಳೆಗೆ ನೆರೆ ಬಂದ ದಿನ ದೋಣಿಯವನು ಕಾದುನಿಂತು ಹುಡುಗಿಯರನ್ನು ದಾಟಿಸಿದುದು, ಎಲ್ಲವೂ ಆ ಲೇಖನದಲ್ಲಿವೆ. ಅದನ್ನು ಈಗ ಸ್ಥಿರ ಪುಟವಾಗಿ ಇಟ್ಟಿದ್ದೇವೆ. ಕಾಗದದ ಮೇಲೆ ಅಚ್ಚು ಮಾಡಿಸಿ ಮಗಳಿಗೂ ಕಳುಹಿಸಿದೆವು. ಅವಳ ಚಿಕ್ಕ ಮಗನು, “ಅಜ್ಜಿ ದೋಣಿಯಲ್ಲಿ ಶಾಲೆಗೆ ಹೋಗುತ್ತಿದ್ದಳೇ?” ಎಂದು ಎರಡು ಸಾರಿ ಕೇಳಿದನೆಂದು ಬರೆದಿದ್ದಾಳೆ. ಅವರ ಚಿತ್ರವು ಮಾತ್ರ ಎಲ್ಲಿಯೂ ದೊರೆಯಲಿಲ್ಲ. ಪುಟದಲ್ಲಿ ಆ ಜಾಗವನ್ನು ಬರಿದಾಗಿಯೇ ಬಿಟ್ಟಿದ್ದೇವೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರ ಬಳಿಯಾದರೂ ನಮ್ಮ ಶಾಲೆಯ ಹಳೆಯ ಗುಂಪುಚಿತ್ರಗಳಿದ್ದರೆ ದಯಮಾಡಿ ಕಚೇರಿಗೆ ತಂದು ತೋರಿಸಬೇಕೆಂದು ಬೇಡುತ್ತೇನೆ. ಪ್ರತಿಯನ್ನು ತೆಗೆದುಕೊಂಡು ಮೂಲವನ್ನು ಅಂದೇ ಹಿಂದಕ್ಕೆ ಕೊಡುವೆವು.

ಅಭ್ಯಾಸ

೧. ನಿಮ್ಮ ಊರಿನ ಹಾಲು ಉತ್ಪಾದಕರ ಸಂಘಕ್ಕೆ ಜಾಲತಾಣ ಬೇಕಾಗಿದೆ. ಮೇಲಿನ ಆರು ಪ್ರಶ್ನೆಗಳನ್ನು ಕಾರ್ಯದರ್ಶಿಯವರಿಗೆ ಕೇಳಿ ಉತ್ತರಗಳನ್ನು ಬರೆಯಿರಿ. ಯಾವ ಬಗೆಯ ವ್ಯವಸ್ಥೆಯನ್ನು ಸೂಚಿಸುವಿರಿ? ಕಾರಣವೇನು?

೨. ಬರಹಕ್ಕೂ ಥೀಮಿಗೂ ಇರುವ ಭೇದವನ್ನು ನಿಮ್ಮ ಮನೆಯ ಒಂದು ದೃಷ್ಟಾಂತದಿಂದ ವಿವರಿಸಿರಿ.

೩. ನಿಮ್ಮ ಮನೆಯ ಚಿತ್ರಗಳು ಒಂದೇ ಮೊಬೈಲಿನಲ್ಲಿವೆಯೇ? ಹಾಗಿದ್ದರೆ ಈ ಪಾಠವನ್ನು ಮುಚ್ಚಿಟ್ಟು, ಇಂದೇ ಮತ್ತೊಂದು ಪ್ರತಿಯನ್ನು ಮಾಡಿರಿ.

— ಮುಖ್ಯೋಪಾಧ್ಯಾಯಿನಿ